ಮದುವೆಗೆ ಬಂದ ವಿಘ್ನ: ‘ದ ಬೆಸ್ಟ್ ಮ್ಯಾನ್’ ಚಲಚ್ಚಿತ್ರದ ಚಾರಿತ್ರಿಕ ಹಿನ್ನೆಲೆ

೧

ಚಲಚ್ಚಿತ್ರಗಳನ್ನು ಚರಿತ್ರೆಯ ಆಕರಗಳೆಂದು ಪರಿಗಣಿಸುವ ವಾಡಿಕೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಬೇರೂರಿಲ್ಲ. ಶಾಸನ, ನಾಣ್ಯ, ದಫ್ತರದ ಕಾಗದಪತ್ರ, ಪ್ರವಾಸಿಗಳ ಬರಹ ಇವುಗಳಿಗೆ ಸಲ್ಲುವ ಗೌರವ ಚಲಚ್ಚಿತ್ರಕ್ಕೆ ಸಲ್ಲುವುದಿಲ್ಲ. ಒಂದು ವೇಳೆ ಸಂದರೂ ಅದು ಯುದ್ಧವನ್ನೋ ಕ್ರಾಂತಿಯನ್ನೋ ನಿರೂಪಿಸುವ ಗಂಭೀರ ಕೃತಿಗಳಿಗೆ ಮೀಸಲಾಗಿರುತ್ತದೆ. ನಗಿಸುವುದಕ್ಕೆಂದೇ ತಯಾರಾದ ಪ್ರಣಯ ವಿನೋದ ಚಿತ್ರವನ್ನು ಇತಿಹಾಸಕಾರನು ಸಾಮಾನ್ಯವಾಗಿ ಕಣ್ಣೆತ್ತಿಯೂ ನೋಡನು. ಇದರಿಂದ ನಮಗೆ ಆಗುತ್ತಿರುವ ನಷ್ಟವು ಅಲ್ಪವಲ್ಲವೆಂಬುದನ್ನು ಒಂದು ನಿದರ್ಶನದ ಮೂಲಕ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಮದುವೆಯನ್ನು ವಸ್ತುವಾಗುಳ್ಳ ವಿನೋದಕಥೆಗೆ ಬಹು ಪ್ರಾಚೀನವಾದ ಒಂದು ಚೌಕಟ್ಟುಂಟು. ಮದುವೆ ನಿಶ್ಚಯವಾಗಿರಬೇಕು, ಅದಕ್ಕೊಂದು ವಿಘ್ನ ಒದಗಬೇಕು, ಆ ವಿಘ್ನವು ಕಡೆಗೆ ಪರಿಹಾರವಾಗಬೇಕು. ಈ ಚೌಕಟ್ಟು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿದ್ದರೂ ವಿಘ್ನದ ಸ್ವರೂಪ ಮಾತ್ರ ದೇಶಕಾಲಗಳಿಗೆ ತಕ್ಕಂತೆ ಬೇರೆಬೇರೆಯಾಗಿರುತ್ತದೆ. ಒಂದು ಕಡೆ ತಂದೆಯ ಹಟ, ಮತ್ತೊಂದು ಕಡೆ ಹಣದ ಅಭಾವ, ಇನ್ನೊಂದು ಕಡೆ ದೇಶದ ಕಾನೂನು. ಯಾವ ವಿಘ್ನವನ್ನು ಪ್ರೇಕ್ಷಕರು ನಿಜವೆಂದು ನಂಬಬಲ್ಲರು, ಯಾವುದರ ಪರಿಹಾರವನ್ನು ಕಂಡು ನಗಬಲ್ಲರು ಎಂಬುದು ಆ ಕಾಲದ ಸಮಾಜವನ್ನು ಕುರಿತು ಸಾಕ್ಷ್ಯ ನುಡಿಯುತ್ತದೆ. ಕಥೆ ಕಲ್ಪಿತವಾದರೂ ಪ್ರೇಕ್ಷಕರ ನಂಬಿಕೆ ಕಲ್ಪಿತವಲ್ಲ. ಆದುದರಿಂದ ಇಂಥ ಚಿತ್ರವನ್ನು ಪರಿಶೀಲಿಸುವಾಗ ಇತಿಹಾಸದ ವಿದ್ಯಾರ್ಥಿಯು ಮೊದಲು ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ಮದುವೆಗೆ ಅಡ್ಡಬಂದುದು ಯಾವುದು?

ಈ ಪ್ರಶ್ನೆಯನ್ನು ನಾವು ೧೯೯೯ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಿಡುಗಡೆಯಾದ ‘ದ ಬೆಸ್ಟ್ ಮ್ಯಾನ್’ ಎಂಬ ಚಿತ್ರಕ್ಕೆ ಅನ್ವಯಿಸಿ ನೋಡೋಣ. ಮದುವೆಯಲ್ಲಿ ವರನ ಪಕ್ಕದಲ್ಲಿ ನಿಂತು ಉಂಗುರವನ್ನು ಕಾಪಾಡಿಕೊಡುವ ಆಪ್ತಮಿತ್ರನಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಚಿತ್ರವನ್ನು ರಚಿಸಿ ನಿರ್ದೇಶಿಸಿದವನು ಮಾಲ್ಕಂ ಡಿ. ಲೀ. ಇದು ಅವನ ಮೊದಲನೆಯ ಕಥಾಚಿತ್ರ. ನಿರ್ಮಾಣದ ಹೊಣೆ ಹೊತ್ತದ್ದು ಅವನ ಜ್ಞಾತಿಯಾದ ಪ್ರಸಿದ್ಧ ನಿರ್ದೇಶಕ ಸ್ಪೈಕ್ ಲೀಯ ಸಂಸ್ಥೆ. ಸುಮಾರು ೯೦ ಲಕ್ಷ ಡಾಲರುಗಳ ವೆಚ್ಚದಲ್ಲಿ ತಯಾರಾಗಿ ಅಕ್ಟೋಬರ್ ತಿಂಗಳಲ್ಲಿ ತೆರೆಕಂಡ ಈ ಚಿತ್ರವು ಮೊದಲ ವಾರಾಂತ್ಯದಲ್ಲಿಯೇ ಆ ದೇಶದ ಗಳಿಕೆಯ ಪಟ್ಟಿಯಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಒಟ್ಟಿನಲ್ಲಿ ಸ್ವದೇಶದಲ್ಲಿಯೇ ಸುಮಾರು ೩ ಕೋಟಿ ೪೦ ಲಕ್ಷ ಡಾಲರುಗಳನ್ನು ಗಳಿಸಿತು.

ಕಥೆಯ ಸಾರಾಂಶ ಹೀಗಿದೆ. ಹಾರ್ಪರ್ ಸ್ಟೂವರ್ಟ್ ಎಂಬ ತರುಣ ಲೇಖಕನು ಷಿಕಾಗೋ ನಗರದಲ್ಲಿ ವಾಸವಾಗಿರುತ್ತಾನೆ. ಅವನ ಮೊದಲನೆಯ ಕಾದಂಬರಿ ಇನ್ನೇನು ಪ್ರಕಟವಾಗಲಿದೆ. ಅವನ ಕಾಲೇಜು ದಿನಗಳ ಸ್ನೇಹಿತನೂ ವೃತ್ತಿಪರ ಫುಟ್‌ಬಾಲ್ ಆಟಗಾರನೂ ಆದ ಲ್ಯಾನ್ಸ್ ಸಲಿವನ್ನನಿಗೂ ಮಿಯ ಮಾರ್ಗನ್ ಎಂಬ ಯುವತಿಗೂ ನ್ಯೂಯಾರ್ಕಿನಲ್ಲಿ ಮದುವೆ. ಹಾರ್ಪರ್ ವರನ ಆಪ್ತಮಿತ್ರನಾಗಿ ನಿಲ್ಲಬೇಕು. ಚದುರಿಹೋಗಿದ್ದ ಹಳೆಯ ಸ್ನೇಹಿತರೆಲ್ಲರೂ ಈ ನೆಪದಲ್ಲಿ ಒಂದೆಡೆ ಸೇರುತ್ತಾರೆ. ಅಷ್ಟರಲ್ಲಿ ಕಾದಂಬರಿಯ ಮುಂಗಡ ಪ್ರತಿಯೊಂದು ಅವರ ಗೆಳತಿ ಜಾರ್ಡನ್ ಆರ್ಮ್‌ಸ್ಟ್ರಾಂಗಳ ಕೈಸೇರಿ, ಅಲ್ಲಿಂದ ಕೈಯಿಂದ ಕೈಗೆ ಸಾಗುತ್ತದೆ. ಓದಿದವರೆಲ್ಲರೂ ಅದರಲ್ಲಿ ತಮ್ಮತಮ್ಮ ಮುಖಗಳನ್ನೇ ಕಾಣುತ್ತಾರೆ. ಕಾಲೇಜು ದಿನಗಳಲ್ಲಿ ಹಾರ್ಪರನಿಗೂ ಮಿಯಳಿಗೂ ಒಮ್ಮೆ ಒದಗಿದ್ದ ರಹಸ್ಯ ಸಂಬಂಧವೂ ಅದರಲ್ಲಿ ಮರೆಮಾಚಿದ ರೂಪದಲ್ಲಿ ದಾಖಲಾಗಿದೆ. ಪುಸ್ತಕ ಕಡೆಗೆ ವರನ ಕೈಗೆ ಸಿಕ್ಕಿದಾಗ ಮದುವೆಯೇ ಮುರಿದುಬೀಳುವ ಸ್ಥಿತಿ ಒದಗುತ್ತದೆ. ಕೋಪತಾಪಗಳೆಲ್ಲ ಕಳೆದ ಮೇಲೆ ಮದುವೆ ನಡೆಯುತ್ತದೆ. ಹಾರ್ಪರ್ ತಾನೂ ತನ್ನ ಪ್ರಿಯತಮೆ ರಾಬಿನ್ನಳಿಗೆ ವಿವಾಹದ ಮಾತು ಕೊಡುತ್ತಾನೆ.

ಇಷ್ಟನ್ನೇ ನೋಡಿದರೆ ಇದು ಯಾವ ದೇಶದಲ್ಲಿಯಾದರೂ ನಡೆಯಬಹುದಾದ ಕಥೆ. ಆದರೆ ಇದರಲ್ಲಿಯ ಪ್ರಮುಖ ಪಾತ್ರಗಳೆಲ್ಲರೂ ಆಫ್ರಿಕನ್ ಅಮೆರಿಕನ್ನರು. ಈ ಒಂದು ಸಂಗತಿಯಿಂದ ಕಥೆಯ ಚಾರಿತ್ರಿಕ ಮಹತ್ತ್ವವೇ ಬೇರೆಯಾಗುತ್ತದೆ. ಅದನ್ನು ಗ್ರಹಿಸಬೇಕಾದರೆ ನಾವು ಸುಮಾರು ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

೨

ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮಗಿರಿ ಜಾರಿಯಲ್ಲಿದ್ದಷ್ಟು ಕಾಲವೂ ಗುಲಾಮರ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ. ವಿವಾಹವು ಒಂದು ಒಪ್ಪಂದ. ಒಡೆಯನ ಸ್ವತ್ತೆಂದು ಗಣಿತನಾದವನು ಒಪ್ಪಂದಕ್ಕೆ ಅರ್ಹನಲ್ಲವೆಂಬುದು ನ್ಯಾಯಾಲಯಗಳ ವಾದವಾಗಿತ್ತು. ಆದರೂ ಗುಲಾಮರು ಮದುವೆಯಾಗುತ್ತಿದ್ದರು. ಒಡೆಯನ ಅಪ್ಪಣೆಯಿಂದಲೋ, ತಮ್ಮವರೇ ಆದ ಬೋಧಕರ ಮುಂದೆಯೋ, ನೆಲದ ಮೇಲಿಟ್ಟ ಪೊರಕೆಯನ್ನು ಜೊತೆಯಾಗಿ ದಾಟುವುದರಿಂದಲೋ ಅವರು ಪತಿಪತ್ನಿಯರಾಗುತ್ತಿದ್ದರು. ಆದರೆ ಮಾರಾಟದ ಭಯ ಸದಾ ಬೆನ್ನಟ್ಟಿರುತ್ತಿತ್ತು. ೧೭೯೦ರಿಂದ ೧೮೬೦ರವರೆಗಿನ ಏಳು ದಶಕಗಳಲ್ಲಿ ಸುಮಾರು ೧೦ ಲಕ್ಷ ಗುಲಾಮರನ್ನು ಮೇಲಣ ದಕ್ಷಿಣ ಪ್ರಾಂತಗಳಿಂದ ಹತ್ತಿ ಬೆಳೆಯುವ ಕೆಳಗಣ ಪ್ರಾಂತಗಳಿಗೆ ಸಾಗಿಸಲಾಯಿತೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಇದರಿಂದ ಒಡೆದುಹೋದ ಸಂಸಾರಗಳು ಅಸಂಖ್ಯಾತ.

ಅಂತರ್ಯುದ್ಧದ ಕೊನೆಯ ವರ್ಷವಾದ ೧೮೬೫ರಲ್ಲಿ ಎರಡು ಮುಖ್ಯವಾದ ಘಟನೆಗಳು ನಡೆದವು. ಜನವರಿಯಲ್ಲಿ ಸೇನಾಪತಿ ಷರ್ಮನ್ನನು ದಕ್ಷಿಣ ಕೆರೊಲಿನ, ಜಾರ್ಜಿಯ, ಫ್ಲಾರಿಡಗಳ ಕರಾವಳಿಯಲ್ಲಿ ವಿಮುಕ್ತರಾದ ಗುಲಾಮರ ಪ್ರತಿಯೊಂದು ಕುಟುಂಬಕ್ಕೆ ೪೦ ಎಕರೆಗೆ ಮೀರದ ಭೂಮಿಯನ್ನು ಹಂಚಬೇಕೆಂದು ಆಜ್ಞೆ ಹೊರಡಿಸಿದನು. ಇದರ ನಿರ್ವಹಣೆಯನ್ನು ರೂಫಸ್ ಸ್ಯಾಕ್ಸ್‌ಟನ್ ಎಂಬ ಸೇನಾಧಿಕಾರಿಗೆ ವಹಿಸಲಾಯಿತು. ಅದೇ ಸ್ಯಾಕ್ಸ್‌ಟನ್ನನು ಆಗಸ್ಟ್ ತಿಂಗಳಲ್ಲಿ, ವಿಮುಕ್ತರ ಕ್ಷೇಮಕ್ಕಾಗಿ ಸ್ಥಾಪಿತವಾಗಿದ್ದ ಸರ್ಕಾರಿ ಇಲಾಖೆಯ ಅಧಿಕಾರಿಯಾಗಿ, ವಿವಾಹದ ನಿಯಮಾವಳಿಯೊಂದನ್ನೂ ಪ್ರಕಟಿಸಿದನು. ಯಾರು ಮದುವೆ ಮಾಡಿಸಬಹುದು, ಹಿಂದೆ ಮದುವೆಯಾಗಿದ್ದವರು ಯಾವ ಪುರಾವೆ ಒದಗಿಸಬೇಕು ಎಂಬುದಲ್ಲದೆ, ಮಾರಾಟದಿಂದ ಅಗಲಿಹೋಗಿದ್ದ ಹಳೆಯ ಹೆಂಡತಿ ಸ್ವಾತಂತ್ರ್ಯಾನಂತರ ಮರಳಿ ಬಂದು, ಗಂಡನಿಗೆ ಅಷ್ಟರಲ್ಲಿ ಬೇರೊಬ್ಬ ಹೆಂಡತಿಯೂ ಇದ್ದರೆ ಏನು ಮಾಡಬೇಕು ಎಂಬುದನ್ನೂ ಆ ನಿಯಮಾವಳಿ ವಿಚಾರಮಾಡಿತ್ತು. ಸಾಮಾನ್ಯವಾಗಿ ಮಕ್ಕಳ ತಾಯಿಗೇ ಪ್ರಾಶಸ್ತ್ಯವೆಂಬುದು ಅದರ ನಿರ್ಣಯ. ಇಂಥದೊಂದು ನಿಯಮವನ್ನು ಬರೆಯಬೇಕಾಯಿತೆಂಬುದರಲ್ಲಿಯೇ ಆ ಜನರ ದುಃಖದ ಅಳತೆ ಸಿಕ್ಕುತ್ತದೆ.

ಭೂಮಿಯ ವಾಗ್ದಾನವನ್ನು ಅದೇ ವರ್ಷದಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ನನು ಹಿಂದಕ್ಕೆ ತೆಗೆದುಕೊಂಡನು. ವಿವಾಹದ ಹಕ್ಕು ಮಾತ್ರ ಉಳಿಯಿತು. ೧೮೬೬ರಲ್ಲಿ ಉತ್ತರ ಕೆರೊಲಿನ ಸಂಸ್ಥಾನವು, ಗುಲಾಮಗಿರಿಯ ಕಾಲದಿಂದ ಜೊತೆಯಾಗಿ ಬಾಳುತ್ತಿದ್ದ ದಂಪತಿಗಳು ಅಧಿಕಾರಿಯ ಮುಂದೆ ಬಂದು ೨೫ ಸೆಂಟುಗಳ ಶುಲ್ಕ ತೆತ್ತು ತಮ್ಮ ಸಂಬಂಧವನ್ನು ದಾಖಲೆ ಮಾಡಿಸತಕ್ಕದ್ದೆಂದು ಕಾಯಿದೆ ಮಾಡಿತು. ಸಾವಿರಾರು ದಂಪತಿಗಳು ಬಂದರು. ಎಷ್ಟು ವರ್ಷಗಳಿಂದ ಕೂಡಿಬಾಳುತ್ತಿದ್ದೇವೆಂಬುದನ್ನು ಹೇಳಿ ಬರೆಸಿದರು. ಹರ್ಬರ್ಟ್ ಗಟ್‌ಮನ್ ಎಂಬ ಇತಿಹಾಸಕಾರನು ೧೯೭೬ರಲ್ಲಿ ಪ್ರಕಟಿಸಿದ ತನ್ನ ಉದ್ಗ್ರಂಥದಲ್ಲಿ ಇಂಥ ದಾಖಲೆಗಳನ್ನು ಆಧಾರವಾಗಿ ಬಳಸಿಕೊಂಡು, ಗುಲಾಮಗಿರಿಯು ಆ ಜನರ ಕುಟುಂಬಭಾವನೆಯನ್ನು ನಾಶಮಾಡಿತೆಂಬ ಮತವನ್ನು ಖಂಡಿಸಿದನು.

ಇದೇ ಕಾಲದಲ್ಲಿ ಅಗಲಿದವರನ್ನು ಹುಡುಕುವ ಪ್ರಯತ್ನವೂ ನಡೆದಿತ್ತು. ತಾಯಿ, ಮಗ, ಗಂಡ, ತಂಗಿ ಇವರ ಹೆಸರುಗಳನ್ನೂ ಮಾರಿದ ಒಡೆಯನ ಹೆಸರನ್ನೂ ಕೊಟ್ಟು ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸುತ್ತಿದ್ದರು. ನ್ಯೂ ಆರ್ಲಿಯನ್ಸಿನ ಒಂದು ಕ್ರೈಸ್ತ ಪತ್ರಿಕೆಯು ೧೮೭೭ರ ತರುವಾಯ ಇದಕ್ಕೆಂದೇ ಪ್ರತ್ಯೇಕ ಅಂಕಣವೊಂದನ್ನು ನಡೆಸುತ್ತಿತ್ತು. ‘ಕಳೆದುಹೋದ ಮಿತ್ರರು’ ಎಂಬುದು ಅದರ ತಲೆಬರಹದ ಅರ್ಥ. ಆ ಪತ್ರಗಳನ್ನು ಇಗರ್ಜಿಗಳಲ್ಲಿ ಗಟ್ಟಿಯಾಗಿ ಓದಿ ಹೇಳಬೇಕೆಂದು ಬೋಧಕರನ್ನು ಕೋರಲಾಗುತ್ತಿತ್ತು. ಆದುದರಿಂದ ಮದುವೆ, ಪುನರ್ಮಿಲನ ಎಂಬ ಎರಡು ಮಾತುಗಳಿಗೆ ಈ ಸಮುದಾಯದ ಚರಿತ್ರೆಯಲ್ಲಿ ಇರುವ ತೂಕ ಬೇರೆ ಕಡೆಗಳಲ್ಲಿ ಇರುವುದಕ್ಕಿಂತ ಹೆಚ್ಚಿನದು. ಹಳೆಯ ಸ್ನೇಹಿತರು ಮದುವೆಗೆ ಬಂದು ಸೇರುವ ವಿನೋದಕಥೆಯನ್ನು ನೋಡುವಾಗ ಈ ಹಿನ್ನೆಲೆಯನ್ನು ನಾವು ಮರೆಯಲಾಗದು. ಸ್ಪೈಕ್ ಲೀಯ ನಿರ್ಮಾಣಸಂಸ್ಥೆಯ ಹೆಸರು ‘ಫಾರ್ಟಿ ಏಕರ್ಸ್ ಅಂಡ್ ಎ ಮ್ಯೂಲ್’, ಎಂದರೆ ‘ನಲವತ್ತು ಎಕರೆ ಮತ್ತು ಒಂದು ಹೇಸರಗತ್ತೆ’, ಎಂಬುದಾಗಿರುವುದು ೧೮೬೫ರ ಮುರಿದ ವಾಗ್ದಾನದ ಸ್ಮರಣೆಯೇ ಆಗಿದೆ.

೩

ಇನ್ನು ಚಲಚ್ಚಿತ್ರದ ಕಡೆಗೆ ಬರೋಣ. ೧೮೯೮ರಲ್ಲಿ ಷಿಕಾಗೋ ನಗರದಲ್ಲಿ ವಿಲಿಯಂ ಸೆಲಿಗ್ ಎಂಬವನು ತೆಗೆದ ಒಂದು ನಿಮಿಷಕ್ಕೂ ಕಡಮೆಯ ಚಿತ್ರವೊಂದರಲ್ಲಿ ಸೇಂಟ್ ಸಟಲ್ ಮತ್ತು ಗರ್ಟಿ ಬ್ರೌನ್ ಎಂಬ ಕಪ್ಪು ಕಲಾವಿದರಿಬ್ಬರು ನಗುನಗುತ್ತ ಮುತ್ತಿಡುವ ದೃಶ್ಯವಿದೆ. ಹಾಸ್ಯಾಸ್ಪದವಾಗಿ ತೋರಿಸಬೇಕೆಂಬ ಉದ್ದೇಶ ಅದರಲ್ಲಿ ಕಾಣದು. ಮರೆತುಹೋಗಿದ್ದ ಈ ಚಿತ್ರವು ೨೦೧೭ರಲ್ಲಿ ಮತ್ತೆ ಗುರುತಿಸಲ್ಪಟ್ಟು ೨೦೧೮ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಗೆ ಸೇರಿತು. ಆದರೆ ಆರಂಭದ ಈ ಸಹಜತೆ ಮುಂದುವರಿಯಲಿಲ್ಲ. ೧೯೧೫ರಲ್ಲಿ ಬಂದ ಡಿ. ಡಬ್ಲ್ಯು. ಗ್ರಿಫಿತ್ತನ ‘ದ ಬರ್ತ್ ಆಫ್ ಎ ನೇಷನ್’ ಚಿತ್ರವು ಕಪ್ಪು ಪುರುಷನ ಪ್ರಣಯವೆಂದರೆ ಬಿಳಿಯ ಸ್ತ್ರೀಗೆ ಒದಗಿದ ಅಪಾಯವೆಂದೇ ಪ್ರತಿಪಾದಿಸಿತು. ಇದಕ್ಕೆ ಪ್ರತಿಯಾಗಿ ಆಸ್ಕರ್ ಮಿಷೋ ಮೊದಲಾದ ಕಪ್ಪು ನಿರ್ಮಾಪಕರು ತಮ್ಮ ಜನರಿಗಾಗಿ ಪ್ರತ್ಯೇಕ ಚಿತ್ರಗಳನ್ನು ತಯಾರಿಸಿದರು. ಮಿಷೋ ೧೯೧೯ರಿಂದ ೧೯೪೮ರವರೆಗೆ ೪೦ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನಾದರೂ ಅವು ಹಾಲಿವುಡ್ಡಿನ ಮುಖ್ಯಪ್ರವಾಹದ ಹೊರಗೇ ಉಳಿದವು.

ಹಾಲಿವುಡ್ಡಿನ ಸ್ವಯಂನಿಯಂತ್ರಣದ ನಿಯಮಾವಳಿಯು ೧೯೩೦ರಲ್ಲಿ ರಚಿತವಾಗಿ ೧೯೩೪ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದಿತು. ಬಿಳಿಯರಿಗೂ ಕರಿಯರಿಗೂ ಪ್ರಣಯಸಂಬಂಧವನ್ನು ತೋರಿಸಕೂಡದೆಂಬುದು ಅದರ ವಿಧಿಗಳಲ್ಲೊಂದು. ಕರಿಯರು ತಮ್ಮತಮ್ಮೊಳಗೆ ಪ್ರೀತಿಸುವುದನ್ನು ನಿಯಮವು ನಿಷೇಧಿಸಿರಲಿಲ್ಲ. ಆದರೆ ಅವರಿಗೆ ದೊರೆಯುತ್ತಿದ್ದ ಪಾತ್ರಗಳು ಬಹುಮಟ್ಟಿಗೆ ಸೇವಕ, ಸೇವಕಿಯರವಾಗಿದ್ದುದರಿಂದ ಅದಕ್ಕೆ ಅವಕಾಶವೇ ಇರಲಿಲ್ಲ. ‘ಗಾನ್ ವಿತ್ ದ ವಿಂಡ್’ ಚಿತ್ರದಲ್ಲಿ ಒಡತಿಗೆ ಉಡುಪು ಬಿಗಿಯುವ ದಾಸಿಯಾಗಿ ಅಭಿನಯಿಸಿದ ಹ್ಯಾಟಿ ಮೆಕ್‌ಡೇನಿಯಲಳಿಗೆ ೧೯೪೦ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಅದನ್ನು ಪಡೆದ ಕಪ್ಪು ಜನಾಂಗದವರಲ್ಲಿ ಆಕೆಯೇ ಮೊದಲಿಗಳು. ಪರರ ಮನೆಯ ಪ್ರಣಯಕ್ಕೆ ಸಾಕ್ಷಿಯಾಗಿ ನಿಲ್ಲುವುದು, ತಮ್ಮ ಮನೆಯ ಪ್ರಣಯ ಕಥೆಯ ಹೊರಗೆ ಉಳಿಯುವುದು, ಇದು ಆ ಕಾಲದ ಪದ್ಧತಿ.

೪

ಈಗ ನಾವು ಮೊದಲು ಎತ್ತಿದ ಪ್ರಶ್ನೆಯನ್ನು ಮೂರು ಚಿತ್ರಗಳಿಗೆ ಕ್ರಮವಾಗಿ ಕೇಳಬಹುದು.

ಮೊದಲನೆಯದು ೧೯೬೭ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಸ್ಟ್ಯಾನ್ಲಿ ಕ್ರೇಮರನ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’. ಸಿಡ್ನಿ ಪಾಯಿಟಿಯರ್ ಅಭಿನಯಿಸಿದ ಕಪ್ಪು ವೈದ್ಯನಿಗೂ ಬಿಳಿಯ ಯುವತಿಗೂ ನಿಶ್ಚಯವಾದ ಮದುವೆಗೆ ಇಲ್ಲಿ ವಿಘ್ನವೆಂದರೆ ವರ್ಣಭೇದ. ಅದು ತಂದೆತಾಯಿಗಳ ಮನಸ್ಸಿನ ವಿಘ್ನ ಮಾತ್ರವಾಗಿರಲಿಲ್ಲ. ಚಿತ್ರ ತಯಾರಾಗುತ್ತಿದ್ದಾಗ ಹದಿನಾರು ಸಂಸ್ಥಾನಗಳಲ್ಲಿ ಇಂಥ ವಿವಾಹ ಅಪರಾಧವಾಗಿತ್ತು. ವರ್ಜೀನಿಯದ ರಿಚರ್ಡ್ ಮತ್ತು ಮಿಲ್‌ಡ್ರೆಡ್ ಲವಿಂಗ್ ದಂಪತಿಗಳು ೧೯೫೮ರಲ್ಲಿ ರಾಜಧಾನಿ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಬಂದುದಕ್ಕಾಗಿ ಶಿಕ್ಷೆಗೊಳಗಾಗಿ, ೨೫ ವರ್ಷ ತಮ್ಮ ಸಂಸ್ಥಾನವನ್ನು ಬಿಟ್ಟಿರಬೇಕೆಂಬ ಷರತ್ತಿಗೆ ಒಪ್ಪಬೇಕಾಗಿ ಬಂದಿತ್ತು. ಅವರ ಮೊಕದ್ದಮೆಯಲ್ಲಿ ೧೯೬೭ರ ಜೂನ್ ೧೨ರಂದು ಸುಪ್ರೀಂ ಕೋರ್ಟು ಅಂಥ ಕಾಯಿದೆಗಳೆಲ್ಲವನ್ನೂ ರದ್ದುಗೊಳಿಸಿತು. ಚಿತ್ರದಲ್ಲಿ ಹುಡುಗಿಯ ತಂದೆಯಾಗಿ ಅಭಿನಯಿಸಿದ್ದ ಸ್ಪೆನ್ಸರ್ ಟ್ರೇಸಿ ಆ ತೀರ್ಪಿಗೆ ಎರಡೇ ದಿನ ಮೊದಲು ಮೃತನಾಗಿದ್ದನು.

ಎರಡನೆಯದು ೧೯೭೪ರ ‘ಕ್ಲಾಡೀನ್’. ಆರು ಮಕ್ಕಳ ತಾಯಿಯಾದ ಹಾರ್ಲೆಮಿನ ಮನೆಗೆಲಸದ ಹೆಂಗಸು, ಕಸ ಸಾಗಿಸುವ ಕೆಲಸಗಾರನೊಬ್ಬ, ಇವರಿಬ್ಬರ ಪ್ರಣಯ ಇದರ ವಸ್ತು. ಡಯಾನ್ ಕ್ಯಾರಲ್ ಮತ್ತು ಜೇಮ್ಸ್ ಅರ್ಲ್ ಜೋನ್ಸ್ ಮುಖ್ಯಪಾತ್ರಧಾರಿಗಳು. ಇಲ್ಲಿ ಬಿಳಿಯ ತಂದೆತಾಯಿಗಳಿಲ್ಲ. ವಿಘ್ನವಾಗಿ ಬರುವವಳು ಸರ್ಕಾರದ ಸಹಾಯಧನ ವಿಭಾಗದ ಪರೀಕ್ಷಕಿ. ಮನೆಗೆ ಗಂಡಸು ಬಂದರೆ, ಅವನು ಉಡುಗೊರೆ ತಂದರೆ, ಆ ಮೊತ್ತವನ್ನು ಮಕ್ಕಳ ಸಹಾಯಧನದಲ್ಲಿ ಕಳೆಯಬೇಕೆಂಬ ಲೆಕ್ಕ. ಮನೆಗೆ ಬಂದುಹೋಗುವ ಗಂಡಸನ್ನು ಮಕ್ಕಳ ಪೋಷಕನೆಂದು ಭಾವಿಸಿ ಸಹಾಯವನ್ನು ನಿಲ್ಲಿಸುವ ಅಲಬಾಮ ಸಂಸ್ಥಾನದ ನಿಯಮವನ್ನು ಸುಪ್ರೀಂ ಕೋರ್ಟು ೧೯೬೮ರಲ್ಲಿಯೇ ತಳ್ಳಿಹಾಕಿತ್ತಾದರೂ, ಬಡವರು ಮದುವೆಯಾದರೆ ನಷ್ಟವೇ ಸರಿ ಎಂಬ ಸ್ಥಿತಿ ಪೂರ್ಣವಾಗಿ ಬದಲಾಗಿರಲಿಲ್ಲ. ಈ ಚಿತ್ರದ ಕೊನೆಯ ಮದುವೆಗೂ ಪೊಲೀಸರ ಪ್ರವೇಶದಿಂದ ಅಡ್ಡಿಯಾಗುತ್ತದೆ.

ಮೂರನೆಯದು ‘ದ ಬೆಸ್ಟ್ ಮ್ಯಾನ್’. ಇಲ್ಲಿ ವಿಘ್ನ ಯಾವುದು? ವರ್ಣಭೇದದ ಕಾಯಿದೆಯೂ ಇಲ್ಲ, ಸಹಾಯಧನದ ಪರೀಕ್ಷಕಿಯೂ ಇಲ್ಲ, ಪೊಲೀಸರೂ ಇಲ್ಲ. ವಿಘ್ನವು ವಧೂವರರ ಮತ್ತು ಅವರ ಸ್ನೇಹಿತರ ಪೂರ್ವಚರಿತ್ರೆಯಿಂದಲೇ ಹುಟ್ಟುತ್ತದೆ. ಅವರು ತಪ್ಪು ಮಾಡಿದ್ದಾರೆ, ಮುಚ್ಚಿಟ್ಟಿದ್ದಾರೆ, ಈಗ ಅದು ಹೊರಬಿದ್ದಿದೆ. ೧೯೬೭ರ ಕಥೆಯಲ್ಲಿ ನಾಯಕನು ಮದುವೆಗೆ ಅರ್ಹನೆನಿಸಿಕೊಳ್ಳಬೇಕಾದರೆ ಕಳಂಕರಹಿತನೂ ಜಗತ್ಪ್ರಸಿದ್ಧನೂ ಆದ ವೈದ್ಯನೇ ಆಗಿರಬೇಕಿತ್ತು. ೧೯೯೯ರ ನಾಯಕನಿಗೆ ಆ ಹೊರೆಯಿಲ್ಲ. ಅವನು ಸುಳ್ಳು ಹೇಳಬಹುದು, ಅಳುಕಬಹುದು, ನಾಚಿಕೆಗೇಡಿಯಾಗಿ ವರ್ತಿಸಬಹುದು. ಆ ದೋಷವು ಅವನೊಬ್ಬನ ದೋಷವಾಗಿ ಉಳಿಯುತ್ತದೆಯೇ ಹೊರತು ಅವನ ಜನಾಂಗದ ದೋಷವಾಗುವುದಿಲ್ಲ. ಸಾಮಾನ್ಯ ಮನುಷ್ಯನಂತೆ ತಪ್ಪುಮಾಡುವ ಈ ಅಧಿಕಾರವು ತೆರೆಯ ಮೇಲೆ ದೊರೆತದ್ದೇ ಈ ಚಿತ್ರದ ಮುಖ್ಯವಾದ ಚಾರಿತ್ರಿಕ ಸಂಗತಿಯೆಂದು ನಮ್ಮ ಅಭಿಪ್ರಾಯ.

೫

ಇಂಥ ಬದಲಾವಣೆ ೧೯೯೦ರ ದಶಕದಲ್ಲಿಯೇ ಆದುದಕ್ಕೆ ಕಾರಣಗಳನ್ನು ಗುರುತಿಸುವುದು ಕಷ್ಟವಲ್ಲ. ಮೊದಲನೆಯದಾಗಿ ವಿದ್ಯಾಭ್ಯಾಸದ ವಿಸ್ತಾರ. ೨೫ ವರ್ಷಕ್ಕೆ ಮೇಲ್ಪಟ್ಟ ಆಫ್ರಿಕನ್ ಅಮೆರಿಕನ್ನರಲ್ಲಿ ನಾಲ್ಕು ವರ್ಷದ ಕಾಲೇಜು ವ್ಯಾಸಂಗ ಮುಗಿಸಿದವರು ೧೯೬೦ರಲ್ಲಿ ಸುಮಾರು ಶೇಕಡ ೩ರಷ್ಟಿದ್ದು ೧೯೯೯ರ ವೇಳೆಗೆ ಸುಮಾರು ಶೇಕಡ ೧೫ರಷ್ಟಾದರು. ಕಾಲೇಜಿನ ಸ್ನೇಹ, ಆನಂತರದ ಅಗಲಿಕೆ, ಉದ್ಯೋಗ, ಮತ್ತೆ ಮದುವೆಯ ನೆಪದಲ್ಲಿ ಸೇರುವುದು ಎಂಬ ಕಥಾಕ್ರಮವನ್ನು ತಮ್ಮದೆಂದು ಒಪ್ಪಿಕೊಳ್ಳಬಲ್ಲ ಪ್ರೇಕ್ಷಕವರ್ಗವೊಂದು ಹೀಗೆ ರೂಪುಗೊಂಡಿತ್ತು.

ಎರಡನೆಯದಾಗಿ ವ್ಯಾಪಾರದ ಅನುಭವ. ಟೆರಿ ಮೆಕ್‌ಮಿಲನ್ನಳ ಕಾದಂಬರಿಯನ್ನು ಆಧರಿಸಿ ೧೯೯೫ರಲ್ಲಿ ಬಂದ ‘ವೇಟಿಂಗ್ ಟು ಎಕ್ಸ್‌ಹೇಲ್’ ಚಿತ್ರದ ಯಶಸ್ಸು, ೧೯೯೭ರ ‘ಲವ್ ಜೋನ್ಸ್’ ಮತ್ತು ‘ಸೋಲ್ ಫುಡ್’ ಚಿತ್ರಗಳ ಸ್ವಾಗತ, ಇವು ಹಾಲಿವುಡ್ಡಿನ ಬಂಡವಾಳಗಾರರ ಸಂದೇಹವನ್ನು ಕೊಂಚಮಟ್ಟಿಗೆ ನಿವಾರಿಸಿದವು. ೧೯೯೯ರಲ್ಲಿಯೇ, ‘ದ ಬೆಸ್ಟ್ ಮ್ಯಾನ್’ ಚಿತ್ರಕ್ಕೆ ಮೂರು ತಿಂಗಳು ಮೊದಲು, ಮದುವೆಯ ದಿನ ಬಾಲ್ಯಸ್ನೇಹಿತರು ಹಿಂದಿನದನ್ನು ನೆನೆಯುವ ‘ದ ವುಡ್’ ಎಂಬ ಚಿತ್ರವೂ ಬಂದಿತ್ತು. ಅದರಲ್ಲಿ ವರನಾಗಿ ಅಭಿನಯಿಸಿದ ಟೇ ಡಿಗ್ಸ್ ಇದರಲ್ಲಿ ವರನ ಆಪ್ತಮಿತ್ರನಾಗಿದ್ದಾನೆ.

ಮೂರನೆಯದಾಗಿ, ಹಿಂದಿನ ಚಿತ್ರಗಳ ಛಾಯೆಯಿಂದ ಹೊರಬರಬೇಕೆಂಬ ಅಪೇಕ್ಷೆ. ೧೯೯೧ರಲ್ಲಿ ಜಾನ್ ಸಿಂಗಲ್‌ಟನ್ ನಿರ್ದೇಶಿಸಿದ ‘ಬಾಯ್ಸ್ ಎನ್ ದ ಹುಡ್’ ಚಿತ್ರವು ಲಾಸ್ ಏಂಜಲೀಸಿನ ಬಡಾವಣೆಯೊಂದರ ಬಂದೂಕಿನ ಬದುಕನ್ನು ಚಿತ್ರಿಸಿತ್ತು. ಅದರಲ್ಲಿ ಕಾಲೇಜು ಸೇರಿ ಫುಟ್‌ಬಾಲ್ ಆಟಗಾರನಾಗುವ ಕನಸು ಕಾಣುತ್ತ, ಗುಂಡೇಟಿನಿಂದ ಸಾಯುವ ಹುಡುಗನ ಪಾತ್ರವನ್ನು ವಹಿಸಿದವನು ಮಾರಿಸ್ ಚೆಸ್ಟ್‌ನಟ್. ಎಂಟು ವರ್ಷಗಳ ಮೇಲೆ ಅದೇ ನಟನು ಈ ಚಿತ್ರದಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರನಾಗಿ, ವರನಾಗಿ, ಬಲಿಪೀಠದ ಮುಂದೆ ನಿಲ್ಲುತ್ತಾನೆ. ಜಾರ್ಡನಳ ಪಾತ್ರಧಾರಿಣಿ ನಿಯಾ ಲಾಂಗ್ ಸಹ ಆ ಹಿಂದಿನ ಚಿತ್ರದಲ್ಲಿದ್ದವಳೇ. ಎರಡೂ ಚಿತ್ರಗಳನ್ನು ನೋಡಿದ್ದ ಪ್ರೇಕ್ಷಕರು ಈ ಅಂತರವನ್ನು ಗಮನಿಸದೆ ಇದ್ದಿರಲಾರರು.

೬

ಹೀಗೆಂದ ಮಾತ್ರಕ್ಕೆ ಈ ಚಿತ್ರವು ಆ ಕಾಲದ ಆಫ್ರಿಕನ್ ಅಮೆರಿಕನ್ ಸಮಾಜದ ಪೂರ್ಣಪ್ರತಿಬಿಂಬವೆಂದು ತಿಳಿಯುವುದು ತಪ್ಪಾಗುತ್ತದೆ. ಆಕರವೊಂದು ಏನನ್ನು ಹೇಳುತ್ತದೆ ಎಂಬುದರಷ್ಟೇ ಏನನ್ನು ಹೇಳದೆ ಬಿಡುತ್ತದೆ ಎಂಬುದೂ ಇತಿಹಾಸಕಾರನಿಗೆ ಮುಖ್ಯ. ೧೯೯೯ರ ವೇಳೆಗೆ ಅಮೆರಿಕದ ಕಾರಾಗೃಹಗಳಲ್ಲಿದ್ದವರ ಸಂಖ್ಯೆ ೨೦ ಲಕ್ಷದ ಸಮೀಪಕ್ಕೆ ಬಂದಿತ್ತು. ಅವರಲ್ಲಿ ಕಪ್ಪು ಪುರುಷರ ಪ್ರಮಾಣ ಜನಸಂಖ್ಯೆಯಲ್ಲಿ ಅವರಿಗಿದ್ದ ಪ್ರಮಾಣಕ್ಕಿಂತ ಬಹಳ ಹೆಚ್ಚು. ಚಿತ್ರದ ಮದುವೆ ನಡೆಯುವ ನ್ಯೂಯಾರ್ಕ್ ನಗರದಲ್ಲಿಯೇ, ಅದೇ ವರ್ಷದ ಫೆಬ್ರವರಿಯಲ್ಲಿ, ಅಮಡು ಡಿಯಾಲೋ ಎಂಬ ನಿರಾಯುಧನಾದ ವಲಸೆಗಾರ ತರುಣನ ಮೇಲೆ ನಾಲ್ವರು ಪೊಲೀಸರು ೪೧ ಗುಂಡುಗಳನ್ನು ಹಾರಿಸಿ ಅವನನ್ನು ಕೊಂದಿದ್ದರು. ಚಿತ್ರದಲ್ಲಿ ಈ ನ್ಯೂಯಾರ್ಕಿನ ಸುಳಿವಿಲ್ಲ.

ಈ ಮೌನವನ್ನು ಕುರಿತು ಎರಡು ಮತಗಳು ಸಾಧ್ಯ. ಸಿರಿವಂತರಾದ ಕೆಲವರ ಸುಖವನ್ನು ತೋರಿಸಿ ಬಹುಜನರ ಕಷ್ಟವನ್ನು ಮರೆಯಿಸುವುದು ಪಲಾಯನವೆಂಬುದು ಒಂದು. ಕಷ್ಟವನ್ನೇ ಸದಾ ತೋರಿಸುತ್ತಿದ್ದರೆ ಆ ಜನರು ಕಷ್ಟವಲ್ಲದೆ ಬೇರೇನೂ ಅಲ್ಲವೆಂಬ ಭಾವನೆ ಬಲಿಯುತ್ತದೆಂಬುದು ಇನ್ನೊಂದು. ೧೯೬೫ರಲ್ಲಿ ಡೇನಿಯಲ್ ಪ್ಯಾಟ್ರಿಕ್ ಮಾಯ್ನಿಹನ್ನನು ಸರ್ಕಾರಕ್ಕೆ ಸಲ್ಲಿಸಿದ ಪ್ರಸಿದ್ಧ ವರದಿಯು ಕಪ್ಪು ಕುಟುಂಬವನ್ನು ಒಂದು ಸಮಸ್ಯೆಯೆಂದು ವರ್ಣಿಸಿದಂದಿನಿಂದ ಈ ವಿವಾದ ನಡೆದೇ ಇದೆ. ನಮಗೆ ತೋರುವಂತೆ ಎರಡು ಮತಗಳಲ್ಲಿಯೂ ಸತ್ಯಾಂಶವುಂಟು. ಆದರೆ ಒಂದು ಚಿತ್ರದಿಂದ ಸಮಾಜದ ಸಮಸ್ತ ದುಃಖವನ್ನೂ ನಿರೂಪಿಸಬೇಕೆಂದು ಕೇಳುವುದು ಬಿಳಿಯರ ವಿನೋದ ಚಿತ್ರಗಳಿಗೆ ಎಂದೂ ಹಾಕದ ಕರಾರು. ಇದೇ ಮೌನಕ್ಕೆ ಮತ್ತೊಂದು ಮುಖವೂ ಇದೆ. ಕಪ್ಪು ವಯಸ್ಕರಲ್ಲಿ ವಿವಾಹಿತರ ಪ್ರಮಾಣ ೧೯೬೦ರಲ್ಲಿ ಸುಮಾರು ಶೇಕಡ ೬೦ ಇದ್ದುದು ೨೦೦೮ರ ವೇಳೆಗೆ ಮೂರರಲ್ಲೊಂದು ಪಾಲಿನಷ್ಟಕ್ಕೆ ಇಳಿಯಿತು. ಬಿಳಿಯರಲ್ಲಿಯೂ ಇಳಿತವಾಯಿತಾದರೂ ಅಷ್ಟಾಗಿ ಅಲ್ಲ. ಎಂದರೆ ತೆರೆಯ ಮೇಲಣ ಮದುವೆಗಳು ಹೆಚ್ಚಿದ ಕಾಲದಲ್ಲಿ ನಿಜಜೀವನದ ಮದುವೆಗಳು ವಿರಳವಾಗುತ್ತಿದ್ದವು. ಮದುವೆಯ ಚಿತ್ರಗಳಿಗೆ ದೊರೆತ ಆದರದಲ್ಲಿ ಹಂಬಲದ ಪಾಲೂ ಇದ್ದಿತೆಂದು ಊಹಿಸಲು ಅವಕಾಶವಿದೆ.

ಸ್ತ್ರೀಪಾತ್ರಗಳ ವಿಷಯದಲ್ಲಿ ನಮ್ಮ ಆಕ್ಷೇಪ ಇನ್ನೂ ಗಟ್ಟಿಯಾದುದು. ವರನಾದ ಲ್ಯಾನ್ಸ್ ಹಿಂದೆ ಅನೇಕ ಸಲ ನಂಬಿಕೆದ್ರೋಹ ಮಾಡಿದವನು. ಆದರೂ ವಧು ಮಾತ್ರ ತನ್ನೊಬ್ಬನನ್ನೇ ಅರಿತವಳಾಗಿರಬೇಕೆಂಬುದು ಅವನ ಎಣಿಕೆ. ಈ ದ್ವಂದ್ವನೀತಿಯನ್ನು ಚಿತ್ರವು ಗುರುತಿಸುತ್ತದೆ, ಸ್ನೇಹಿತರ ಬಾಯಿಂದ ಪ್ರಶ್ನಿಸುತ್ತದೆ. ಆದರೆ ನಿರ್ಣಯವಾಗುವುದು ಗಂಡಸರ ನಡುವೆ. ಯಾರ ಜೀವನವನ್ನು ಕುರಿತು ವಾದವೋ ಆ ಮಿಯಳಿಗೆ ತನ್ನ ಪಕ್ಷವನ್ನು ಹೇಳಿಕೊಳ್ಳಲು ಚಿತ್ರವು ಕೊಡುವ ಅವಕಾಶ ಅತ್ಯಲ್ಪ. ಸ್ವಂತ ಉದ್ಯೋಗದಲ್ಲಿ ಮುಂದೆ ಬಂದ ಜಾರ್ಡನ್ ಕೊನೆಗೆ ಒಂಟಿಯಾಗಿಯೇ ಉಳಿಯುತ್ತಾಳೆ. ಪುರುಷನಿಗೆ ತಪ್ಪುಮಾಡುವ ಅಧಿಕಾರವನ್ನು ಕೊಟ್ಟ ಚಿತ್ರವು ಸ್ತ್ರೀಗೆ ಕ್ಷಮೆಯನ್ನು ಮಾತ್ರ ಕೊಟ್ಟಿತು. ಇವೆರಡೂ ಒಂದೇ ಅಲ್ಲ.

೭

ಇತಿಹಾಸದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದ ಇನ್ನೊಂದು ಅಂಶವನ್ನು ಇಲ್ಲಿ ಸೂಚಿಸಬಹುದು. ಈ ಕಥೆಯಲ್ಲಿ ಎಲ್ಲ ಅನರ್ಥಗಳಿಗೂ ಮೂಲ ಒಂದು ಪುಸ್ತಕ. ಅದು ಪ್ರಸಿದ್ಧ ದೂರದರ್ಶನ ಕಾರ್ಯಕ್ರಮದ ಓಪ್ರಾ ವಿನ್‌ಫ್ರಿಯ ಪುಸ್ತಕಕೂಟಕ್ಕೆ ಆಯ್ಕೆಯಾಗಿದೆಯೆಂದು ಕಥೆ ಹೇಳುತ್ತದೆ; ಆ ಕೂಟವು ೧೯೯೬ರಲ್ಲಿ ನಿಜವಾಗಿಯೂ ಆರಂಭವಾಗಿ ಅದೇ ವರ್ಷ ಟೋನಿ ಮಾರಿಸನ್ನಳ ಕಾದಂಬರಿಯೊಂದನ್ನು ಲಕ್ಷಾಂತರ ಓದುಗರಿಗೆ ತಲಪಿಸಿತ್ತು. ಹಾರ್ಪರ್ ತನ್ನ ಕೃತಿ ಕಲ್ಪಿತವೆನ್ನುತ್ತಾನೆ. ಸ್ನೇಹಿತರು ಅದನ್ನು ದಾಖಲೆಯೆಂದು ಓದುತ್ತಾರೆ. ಯಾರ ಕಣ್ಣಿಗೆ ಬೀಳಬಾರದೆಂದು ಅವನು ಎಣಿಸಿದ್ದನೋ ಅವನ ಕೈಗೇ ಅದು ಸೇರುತ್ತದೆ. ಆಕರಗಳೊಡನೆ ನಾವು ನಡೆಸುವ ವ್ಯವಹಾರವೂ ಬಹುಮಟ್ಟಿಗೆ ಇಂಥದೇ. ೧೮೬೬ರ ವಿವಾಹದಾಖಲೆಗಳನ್ನು ಬರೆಸಿದವರೂ, ‘ಕಳೆದುಹೋದ ಮಿತ್ರರು’ ಅಂಕಣಕ್ಕೆ ಪತ್ರ ಕಳುಹಿಸಿದವರೂ ಇತಿಹಾಸಕಾರನನ್ನು ಉದ್ದೇಶಿಸಿ ಬರೆಸಲಿಲ್ಲ. ಒಬ್ಬ ಗಂಡನನ್ನು, ಒಬ್ಬ ಮಗಳನ್ನು ಉದ್ದೇಶಿಸಿ ಬರೆಸಿದರು. ಅವರ ಜೀವನವನ್ನು ನಾವು ಓದುವಾಗ ಈ ಸಂಕೋಚವು ನಮ್ಮಲ್ಲಿ ಇರುವುದು ಉಚಿತ.

೮

ಚಿತ್ರದ ಉತ್ತರಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಹದಿನಾಲ್ಕು ವರ್ಷಗಳ ತರುವಾಯ, ೨೦೧೩ರಲ್ಲಿ, ಇದೇ ನಿರ್ದೇಶಕನು ಇದೇ ನಟವರ್ಗವನ್ನು ಕೂಡಿಸಿ ‘ದ ಬೆಸ್ಟ್ ಮ್ಯಾನ್ ಹಾಲಿಡೇ’ ಎಂಬ ಎರಡನೆಯ ಚಿತ್ರವನ್ನು ತಯಾರಿಸಿದನು. ಅದರಲ್ಲಿ ಸ್ನೇಹಿತರು ಕ್ರಿಸ್ಮಸ್ ಹಬ್ಬಕ್ಕೆ ಸೇರುತ್ತಾರೆ. ಮೊದಲ ಚಿತ್ರದ ವಧು ಮಿಯ ರೋಗದಿಂದ ಮೃತಳಾಗುತ್ತಾಳೆ. ಆ ಚಿತ್ರವು ಸ್ವದೇಶದಲ್ಲಿ ಸುಮಾರು ೭ ಕೋಟಿ ಡಾಲರುಗಳನ್ನು ಗಳಿಸಿತು. ಆಗ ಅಮೆರಿಕದ ಪತ್ರಿಕೆಯೊಂದು 'ಜನಾಂಗವನ್ನು ವಸ್ತುವಾಗುಳ್ಳ ಚಿತ್ರ' ಎಂಬ ಅರ್ಥದ ತಲೆಬರಹವನ್ನು ಕೊಟ್ಟು, ಓದುಗರ ಆಕ್ಷೇಪಣೆಯ ಮೇಲೆ ಅದನ್ನು ಬದಲಾಯಿಸಬೇಕಾಯಿತು. ಸ್ನೇಹ, ರೋಗ, ಮರಣ ಇವುಗಳ ಕಥೆಯೂ ಪಾತ್ರಧಾರಿಗಳು ಕಪ್ಪು ಜನರಾದ ಮಾತ್ರಕ್ಕೆ ಜನಾಂಗದ ಕಥೆಯೆಂದು ಕೆಲವರಿಗೆ ಕಂಡಿತು. ೧೯೯೯ರಲ್ಲಿ ತೆರೆಯ ಮೇಲೆ ದೊರೆತ ಅಧಿಕಾರವು ತೆರೆಯ ಹೊರಗೆ ಪೂರ್ಣವಾಗಿ ಅಂಗೀಕೃತವಾಗಿರಲಿಲ್ಲವೆಂಬುದಕ್ಕೆ ಇದು ಸಾಕಷ್ಟು ನಿದರ್ಶನ. ೨೦೨೨ರಲ್ಲಿ ಎಂಟು ಭಾಗಗಳ ಧಾರಾವಾಹಿಯೊಂದಿಗೆ ಈ ಸ್ನೇಹಿತರ ಕಥೆ ಮುಕ್ತಾಯವಾಯಿತು.

ಒಟ್ಟಿನಲ್ಲಿ ಹೇಳಬಹುದಾದುದಿಷ್ಟು. ೧೮೬೫ಕ್ಕೆ ಮೊದಲು ಈ ಜನರ ಮದುವೆಗೆ ವಿಘ್ನವಾಗಿದ್ದುದು ಒಡೆಯನ ಸ್ವಾಮ್ಯ. ೧೯೬೭ರ ಚಿತ್ರದಲ್ಲಿ ವರ್ಣಭೇದ. ೧೯೭೪ರ ಚಿತ್ರದಲ್ಲಿ ಬಡವರನ್ನು ಕಾಯುವ ಹೆಸರಿನಲ್ಲಿ ಅವರ ಮನೆಯನ್ನು ಹೊಕ್ಕ ಆಡಳಿತ. ೧೯೯೯ರ ಚಿತ್ರದಲ್ಲಿ ಮನುಷ್ಯರ ಸ್ವಂತ ದೌರ್ಬಲ್ಯ. ಈ ಸಾಲನ್ನು ನೇರವಾದ ಪ್ರಗತಿಯೆಂದು ಓದುವುದು ಅವಸರದ ಕೆಲಸವಾದೀತು. ಹೊಸ ವಿಘ್ನ ಕಾಣಿಸಿಕೊಂಡಾಗ ಹಳೆಯದು ಅಳಿದೇಹೋಯಿತೆಂದು ಅರ್ಥವಲ್ಲ. ಆದರೂ ವಿನೋದ ಚಿತ್ರವೊಂದನ್ನು ಅದರ ಕಾಲದ ಕಾಯಿದೆ, ಜನಗಣತಿ, ತೀರ್ಪು, ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಪರಸ್ಪರ ಬೆಳಕು ಚೆಲ್ಲುತ್ತವೆಂಬುದು ಇಷ್ಟರಿಂದ ವಿಶದವಾಯಿತೆಂದು ಭಾವಿಸುತ್ತೇವೆ. ಇದೇ ಪ್ರಶ್ನೆಯನ್ನು ಬೇರೆ ದೇಶಗಳ, ಬೇರೆ ಭಾಷೆಗಳ ಮದುವೆಯ ಚಿತ್ರಗಳಿಗೂ ವರ್ಷಾನುಕ್ರಮವಾಗಿ ಅನ್ವಯಿಸಿ ಪಟ್ಟಿಮಾಡುವುದು ನಮ್ಮ ವಿದ್ಯಾರ್ಥಿಗಳಿಗೆ ತಕ್ಕ ಸಂಶೋಧನಕಾರ್ಯವಾಗಿದೆ. ಅದಕ್ಕೆ ದೊಡ್ಡ ಗ್ರಂಥಭಂಡಾರವಾಗಲಿ ದೂರಪ್ರಯಾಣವಾಗಲಿ ಆವಶ್ಯಕವಿಲ್ಲ. ಚಿತ್ರದ ವರ್ಷವನ್ನು ಸರಿಯಾಗಿ ಗೊತ್ತುಮಾಡಿಕೊಂಡು, ಆ ವರ್ಷದಲ್ಲಿ ಯಾರು ಯಾರನ್ನು ಯಾವ ಕಾನೂನಿನಂತೆ ಮದುವೆಯಾಗಬಹುದಾಗಿತ್ತು ಎಂಬುದನ್ನು ಮೊದಲು ವಿಚಾರಿಸಿ ತಿಳಿದರೆ ಸಾಕು, ಉಳಿದ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.